ಹಸಿವಿನ ಕೋಟೆ ಜೇಮ್ಸ್‌ಟೌನ್

ಜೇಮ್ಸ್‌ಟೌನ್ ದ್ವೀಪದ ಸ್ವಾಗತ ಕೇಂದ್ರದಿಂದ ಕೋಟೆಯ ಕಡೆಗೆ ಹೊರಟರೆ ಮೊದಲು ಒಂದು ಉದ್ದನೆಯ ಮರದ ಕಾಲುಸೇತುವೆ ದಾಟಬೇಕು. ಕೆಳಗೆ ಕಪ್ಪು ನೀರು ನಿಂತ ಜೌಗು. ನೀರೊಳಗೆ ಅರ್ಧ ಮುಳುಗಿದ ಮರಗಳು, ಅವುಗಳ ಬೇರಿನ ಮೇಲೆ ಬಿಸಿಲು ಕಾಯುವ ಆಮೆಗಳು, ಆಳೆತ್ತರದ ಹುಲ್ಲು. ಬೇಸಗೆಯಲ್ಲಿ ಬಂದವರಿಗೆ ಸೊಳ್ಳೆಗಳೂ ಜೊತೆಯಾಗುತ್ತವೆ. ಹೆಚ್ಚಿನವರು ಇಲ್ಲಿ ನಿಲ್ಲುವುದಿಲ್ಲ. ಪ್ರತಿಮೆ, ಇಗರ್ಜಿ, ಕೋಟೆ ನೋಡುವ ಆತುರದಲ್ಲಿ ಸೇತುವೆ ದಾಟಿಬಿಡುತ್ತಾರೆ. ನಾನು ಹೇಳುವುದಾದರೆ ಜೇಮ್ಸ್‌ಟೌನ್ ನೋಡುವುದನ್ನು ಈ ಜೌಗಿನಿಂದಲೇ ಶುರು ಮಾಡಬೇಕು. ಕುಡಿಯಲು ಒಳ್ಳೆಯ ನೀರಿಲ್ಲದ, ಉಳುಮೆಗೆ ಸಾಕಷ್ಟು ಹದವಾದ ನೆಲವಿಲ್ಲದ ಈ ತುಂಡು ಭೂಮಿಯ ಮೇಲೆ ಇಂಗ್ಲೆಂಡಿನವರು ಅಮೆರಿಕದಲ್ಲಿ ತಮ್ಮ ಮೊದಲ ಶಾಶ್ವತ ವಸಾಹತನ್ನು ಹೂಡಿದರು. ಮುಂದೆ ಇಲ್ಲಿ ನಡೆದ ಅರ್ಧಕ್ಕರ್ಧ ದುರಂತದ ಕಾರಣ ಸೇತುವೆಯ ಮೇಲಿಂದಲೇ ಕಾಣುತ್ತದೆ.

1606ರ ಡಿಸೆಂಬರ್ 20ರಂದು ಲಂಡನ್ನಿನಿಂದ ಮೂರು ಹಡಗುಗಳು ಹೊರಟವು: ಸೂಸನ್ ಕಾನ್‌ಸ್ಟಂಟ್, ಗಾಡ್‌ಸ್ಪೀಡ್, ಡಿಸ್ಕವರಿ. ಕಳುಹಿಸಿದ್ದು ವರ್ಜೀನಿಯಾ ಕಂಪನಿ ಎಂಬ ವರ್ತಕರ ಕೂಟ. ಸನ್ನದು ಕೊಟ್ಟವನು ರಾಜ ಒಂದನೆಯ ಜೇಮ್ಸ್. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಕಡಲಲ್ಲಿ ಕಳೆದು, ಚೆಸಪೀಕ್ ಕೊಲ್ಲಿ ಹೊಕ್ಕು, ಈಗ ಜೇಮ್ಸ್ ನದಿ ಎನ್ನುವ ಹೊಳೆಯಲ್ಲಿ ಮೇಲಕ್ಕೆ ಬಂದು 1607ರ ಮೇ 14ರಂದು 104 ಜನ ಇಲ್ಲಿಳಿದರು. ಎಲ್ಲರೂ ಗಂಡಸರು ಮತ್ತು ಹುಡುಗರು. ಒಬ್ಬ ಹೆಂಗಸೂ ಇರಲಿಲ್ಲ.

ಈ ಜಾಗವನ್ನೇ ಏಕೆ ಆರಿಸಿದರು? ಸೇತುವೆ ದಾಟಿ ನದಿಯ ದಂಡೆಗೆ ಬಂದು ನಿಂತರೆ ತಿಳಿಯುತ್ತದೆ. ಹೊಳೆ ಇಲ್ಲಿ ಸಮುದ್ರದ ಕೈಯಂತೆ ಅಗಲ. ಆದರೂ ದಂಡೆಗೆ ಅಂಟಿಕೊಂಡೇ ಆರು ಮಾರು ಆಳವಿದ್ದದ್ದರಿಂದ ಹಡಗನ್ನು ನೇರ ತಂದು ಮರಕ್ಕೆ ಕಟ್ಟಬಹುದಿತ್ತು. ಸ್ಪೇನಿನ ಹಡಗುಗಳು ಬಂದರೆ ದೂರದಿಂದಲೇ ಕಾಣಿಸುತ್ತಿದ್ದವು. ಸುತ್ತ ನೀರು, ಕಾವಲು ಸುಲಭ. ಹತ್ತಿರದಲ್ಲಿ ಯಾರ ಊರೂ ಇರಲಿಲ್ಲ. ಕಂಪನಿಯ ಕಣ್ಣಿನಿಂದ ನೋಡಿದರೆ ಎಲ್ಲವೂ ಸರಿ. ಹಡಗಿಗೆ ಬೇಕಾದ್ದು, ತೋಪಿಗೆ ಬೇಕಾದ್ದು ಎಲ್ಲ ಇತ್ತು. ಮನುಷ್ಯನಿಗೆ ಬೇಕಾದ್ದು ಇರಲಿಲ್ಲ. ಈ ನೆಲ ಪಾಸ್ಪಹೇಗ್ ಜನರದು. ಅವರು ಇಲ್ಲಿ ಬೇಟೆಗೆ ಬರುತ್ತಿದ್ದರೇ ಹೊರತು ಮನೆ ಕಟ್ಟಿರಲಿಲ್ಲ. ತಲೆಮಾರುಗಳಿಂದ ಆ ನದಿಯ ನಾಡಿಮಿಡಿತ ಬಲ್ಲವರು ಖಾಲಿ ಬಿಟ್ಟ ಜಾಗ ಏಕೆ ಖಾಲಿ ಇದೆ ಎಂದು ಹೊಸಬರು ಕೇಳಲಿಲ್ಲ.

ದಂಡೆಯಿಂದ ತಿರುಗಿದರೆ ಎದುರಿಗೇ ಕೋಟೆ. ಕಲ್ಲಿನ ಕೋಟೆಗಳನ್ನು ನೋಡಿದ ನಮ್ಮ ಕಣ್ಣಿಗೆ ಇದು ಕೋಟೆ ಎಂದು ಮೊದಲಿಗೆ ಅನ್ನಿಸುವುದಿಲ್ಲ. ಒತ್ತೊತ್ತಾಗಿ ನೆಟ್ಟ ಮರದ ದಿಮ್ಮಿಗಳ ಬೇಲಿ, ತ್ರಿಕೋನದ ಆಕಾರ, ಮೂರು ಮೂಲೆಗಳಲ್ಲಿ ತೋಪು ನಿಲ್ಲಿಸಲು ಅರ್ಧಚಂದ್ರದ ಬುರುಜು. ನದಿಯ ಕಡೆಯ ಗೋಡೆ 420 ಅಡಿ, ಉಳಿದೆರಡು 300 ಅಡಿ. ಒಳಗಿನ ಜಾಗ ಸುಮಾರು ಒಂದು ಎಕರೆ. ಬಂದಿಳಿದು ಎರಡು ವಾರ ತುಂಬುವ ಮೊದಲೇ ಸ್ಥಳೀಯರ ದಾಳಿಯಾದ ಮೇಲೆ ಗಾಬರಿಯಲ್ಲಿ ಕಟ್ಟಿದ್ದು; ಜೂನ್ 15ಕ್ಕೆ ಮುಗಿಯಿತು. ಈಗ ಕಾಣುವ ದಿಮ್ಮಿಗಳು ಹೊಸವು, ಆದರೆ ಅವು ನಿಂತಿರುವ ಸಾಲು ಹಳೆಯದು.

ಆ ಸಾಲು ಸಿಕ್ಕ ಕತೆಯೂ ಹೇಳುವಂಥದ್ದೇ. ಸುಮಾರು ನೂರು ವರ್ಷ ವಿದ್ವಾಂಸರು ಕೋಟೆಯ ಜಾಗವನ್ನು ನದಿ ಕೊರೆದು ನುಂಗಿಬಿಟ್ಟಿದೆ ಎಂದೇ ನಂಬಿದ್ದರು. ಪುರಾತತ್ವಜ್ಞ ವಿಲಿಯಂ ಕೆಲ್ಸೋ ನಂಬಲಿಲ್ಲ. 1994ರಲ್ಲಿ ಅವರು ಇಗರ್ಜಿ ಮತ್ತು ನದಿಯ ನಡುವಿನ ಹುಲ್ಲುನೆಲದಲ್ಲಿ ಸಲಿಕೆ ಹಾಕಿದರು. ಮರ ಕೊಳೆತು ಮಣ್ಣಾದರೂ ಅದು ನಿಂತಿದ್ದ ಗುಂಡಿಯ ಮಣ್ಣಿನ ಬಣ್ಣ ಬೇರೆಯಾಗಿ ಉಳಿಯುತ್ತದೆ. ಹಾಗೆ ಒಂದರ ಪಕ್ಕ ಒಂದು ಕಪ್ಪು ವೃತ್ತಗಳು ಕಾಣಿಸಿಕೊಂಡವು. 1996ರಲ್ಲಿ ಕೋಟೆ ಸಿಕ್ಕಿದೆ ಎಂದು ಜಗತ್ತಿಗೆ ಹೇಳಿದರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಲ್ಲಿ, ದಕ್ಷಿಣದ ಸೈನ್ಯ ಇದೇ ಜಾಗದ ಮೇಲೆ ಮಣ್ಣಿನ ದಿಬ್ಬ ಎಬ್ಬಿಸಿತ್ತು. ಹಳೆಯ ಕೋಟೆಯ ಒಂದಷ್ಟು ಭಾಗ ಆ ಮಣ್ಣಿನಡಿ ಭದ್ರವಾಗಿ ಉಳಿದುಕೊಂಡಿತ್ತು. ಅಗೆತ ಇಂದಿಗೂ ನಡೆಯುತ್ತಿದೆ. ಮಂಡಿಯೂರಿ ಕರಣೆ ಹಿಡಿದು ಮಣ್ಣು ಕೆರೆಯುವ ಹುಡುಗ ಹುಡುಗಿಯರನ್ನು ಹಗ್ಗದ ಈಚೆ ನಿಂತು ಮಾತನಾಡಿಸಬಹುದು. ಕೇಳಿದ್ದಕ್ಕೆ ಬೇಸರಿಸದೆ ಉತ್ತರ ಹೇಳುತ್ತಾರೆ.

ಕೋಟೆಯ ಪಶ್ಚಿಮದ ಮಗ್ಗುಲಿಗೆ ನಡೆದರೆ ಸಾಲು ಸಾಲು ಶಿಲುಬೆಗಳು. ಇದು 1607ರ ಮಸಣ. ಕೋಟೆಯ ಒಳಗೇ ಹೆಣ ಹೂಳಿದ್ದಾರೆ. ವಸಾಹತಿಗೆ ಹೊರಟವರ ಕೈಗೆ ಕಂಪನಿ ಕೊಟ್ಟ ಬರಹದ ಸೂಚನೆಗಳಲ್ಲಿ, ನಿಮ್ಮವರು ಸತ್ತದ್ದಾಗಲಿ ಕಾಯಿಲೆ ಬಿದ್ದದ್ದಾಗಲಿ ನಾಡಿನ ಜನರಿಗೆ ಗೊತ್ತಾಗಬಾರದು ಎಂಬ ಮಾತೂ ಇತ್ತು. ಹೊರಗೆ ಹೂಳಿದರೆ ಎಣಿಕೆ ತಿಳಿದುಬಿಡುತ್ತದೆ. ಹೀಗಾಗಿ ತಾವು ಮಲಗುವ ಜಾಗದ ಪಕ್ಕದಲ್ಲೇ ಗುಂಡಿ ತೋಡಿದರು. ಕೆಲವು ಗುಂಡಿಗಳಲ್ಲಿ ಇಬ್ಬಿಬ್ಬರನ್ನು ಮಲಗಿಸಿದರು. ಒಂದು ಗುಂಡಿಯಲ್ಲಿ ಸಿಕ್ಕಿದ್ದು ಹದಿನೈದರ ಆಸುಪಾಸಿನ ಹುಡುಗನ ಅಸ್ಥಿಪಂಜರ. ಅವನ ಕಾಲಿನ ಬಳಿ ಕಲ್ಲಿನ ಬಾಣದ ಮೊನೆ ಇತ್ತು. ಹಲ್ಲು ಕೊಳೆತು ದವಡೆ ಕೀವುಗಟ್ಟಿದ ಗುರುತೂ ಮೂಳೆಯಲ್ಲಿತ್ತು. ಬಾಣ ತಗಲುವುದಕ್ಕೆ ಮುಂಚೆಯೇ ಆ ಮಗು ದಿನವೂ ನೋವು ತಿನ್ನುತ್ತಿತ್ತು ಎಂಬುದು ನನ್ನನ್ನು ಆ ಶಿಲುಬೆಯ ಮುಂದೆ ಬಹಳ ಹೊತ್ತು ನಿಲ್ಲಿಸಿತು.

ಆ ಬೇಸಗೆಯ ವಿವರವನ್ನು ಜಾರ್ಜ್ ಪರ್ಸಿ ಎಂಬ ಶ್ರೀಮಂತ ಮನೆತನದ ತರುಣ ಬರೆದಿಟ್ಟಿದ್ದಾನೆ. ಆಗಸ್ಟ್ 6ರಂದು ಜಾನ್ ಆಸ್ಬಿ ರಕ್ತಭೇದಿಯಿಂದ ಸತ್ತ. 9ರಂದು ಜಾರ್ಜ್ ಫ್ಲವರ್, ಮೈ ಊದಿಕೊಂಡು. 22ರಂದು ಈ ಯಾತ್ರೆಯ ಮುಖ್ಯ ರೂವಾರಿಗಳಲ್ಲಿ ಒಬ್ಬನಾದ ಕ್ಯಾಪ್ಟನ್ ಬಾರ್ತಲೋಮ್ಯೂ ಗಾಸ್ನಾಲ್ಡ್. ತಾರೀಖು, ಹೆಸರು, ಕಾರಣ. ತಾರೀಖು, ಹೆಸರು, ಕಾರಣ. ಐದು ಜನರಿಗೆ ದಿನಕ್ಕೆ ಒಂದು ಸಣ್ಣ ಡಬ್ಬಿ ಬಾರ್ಲಿಯ ಗಂಜಿ. ಅದೂ ಹಡಗಿನ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಬಿದ್ದು ಹುಳು ಹಿಡಿದ ಕಾಳು. ಮೂರು ರಾತ್ರಿಗೊಮ್ಮೆ ಬರಿನೆಲದ ಮೇಲೆ ಕಾವಲು. ಕುಡಿಯಲು ಹೊಳೆಯ ನೀರು: ಉಬ್ಬರದಲ್ಲಿ ಉಪ್ಪು, ಇಳಿತದಲ್ಲಿ ಕೆಸರು ಮತ್ತು ಕೊಳಕು. ಬೇಸಗೆಯಲ್ಲಿ ಹೊಳೆಯ ಹರಿವು ತಗ್ಗಿದಾಗ ಸಮುದ್ರದ ಉಪ್ಪುನೀರು ಇಲ್ಲಿಯವರೆಗೂ ಏರಿ ಬಂದು ನಿಲ್ಲುತ್ತದೆ. ಕೋಟೆಯಿಂದ ಹೋದ ಹೊಲಸು ಹರಿದುಹೋಗದೆ ಅಲ್ಲೇ ಸುತ್ತುತ್ತದೆ. ಅದೇ ನೀರನ್ನು ಮತ್ತೆ ಕುಡಿಯುತ್ತಿದ್ದರು. ಆ ಮೊದಲ ವರ್ಷದ ಸಾವುಗಳಿಗೆ ಹಸಿವೆಗಿಂತ ಈ ನೀರೇ ಹೆಚ್ಚಿನ ಕಾರಣ ಎಂದು ಭೂಗೋಳಜ್ಞ ಕಾರ್ವಿಲ್ ಅರ್ಲ್ 1979ರಲ್ಲಿ ವಾದಿಸಿದರು. ಭೇದಿ, ವಿಷಮಶೀತ ಜ್ವರ, ಮೈ ಬಾವು ಮೂರಕ್ಕೂ ಅವರ ವಾದ ಹೊಂದಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಳಿವೆಯ ಬಾವಿ ಸಿಹಿಯಾಗಿ, ಬೇಸಗೆಯಲ್ಲಿ ಉಪ್ಪಾಗುವುದನ್ನು ಕಂಡ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1608ರ ಜನವರಿಯಲ್ಲಿ ಎರಡನೆಯ ಬಾರಿ ಹಡಗು ಬಂದಾಗ 104ರಲ್ಲಿ ಉಳಿದಿದ್ದವರು 38. ಹಡಗು ಬಂದು ವಾರದೊಳಗೆ ಕೋಟೆಗೆ ಬೆಂಕಿ ಬಿದ್ದು, ಕಡ್ಡಿ ಹೆಣೆದು ಮಣ್ಣು ಮೆತ್ತಿದ ತಡಿಕೆ ಗೋಡೆಯ, ಹುಲ್ಲು ಹೊದಿಸಿದ ಮನೆಗಳು ಸುಟ್ಟುಹೋದವು. ನಡುಚಳಿಗಾಲದಲ್ಲಿ.

ಇಷ್ಟು ಸಾವಿಗೆ ಯಾರು ಹೊಣೆ? ಶಾಲೆಯ ಪಾಠದಲ್ಲಿ ಒಂದು ಸಿದ್ಧ ಉತ್ತರ ಇದೆ: ಬಂದವರಲ್ಲಿ ಅರ್ಧದಷ್ಟು ಮಂದಿ ಕೈ ಕೆಸರು ಮಾಡಿಕೊಳ್ಳದ ಕುಲೀನರು, ಸೋಮಾರಿಗಳು, ಬಂಗಾರ ಹುಡುಕಲು ಬಂದವರು. ನದಿಯ ಕಡೆ ಮುಖ ಮಾಡಿ ನಿಂತ, ವಸಾಹತಿನ ನಾಯಕರಲ್ಲಿ ಒಬ್ಬನಾಗಿದ್ದ ಜಾನ್ ಸ್ಮಿತ್‌ನ ಪ್ರತಿಮೆ ಈ ಉತ್ತರಕ್ಕೇ ಕಟ್ಟಿದ ಸ್ಮಾರಕದಂತಿದೆ. ದುಡಿಯದವನಿಗೆ ಊಟವಿಲ್ಲ ಎಂಬ ಕಟ್ಟಳೆ ತಂದು ಅವನು ವಸಾಹತನ್ನು ಉಳಿಸಿದ ಎಂಬ ಕತೆ ಅಮೆರಿಕದ ಮಕ್ಕಳಿಗೆಲ್ಲ ಗೊತ್ತು. ಅದರಲ್ಲಿ ಸತ್ಯವಿಲ್ಲದಿಲ್ಲ. 1608ರಲ್ಲಿ ಬಂದ ಹಡಗಿನಲ್ಲಿ ಚಿನಿವಾರರೂ ಅದಿರು ಕರಗಿಸುವವರೂ ಇದ್ದರು. ಹೊಳೆಯುವ ಮಣ್ಣನ್ನು ಬಂಗಾರವೆಂದು ಹಡಗಿಗೆ ತುಂಬಿ ಕಳುಹಿಸಿದರು. ಲಂಡನ್ನಿನಲ್ಲಿ ಅದು ಬರೀ ಮಣ್ಣೆಂದು ತಿಳಿಯಿತು. ಆದರೆ ರಕ್ತಭೇದಿ ಹಿಡಿದವನನ್ನು ಸೋಮಾರಿ ಎಂದು ಬಯ್ಯುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಕೋಟೆಯ ಒಳಗೆ ಅಗೆದಾಗ ಕಮ್ಮಾರಿಕೆಯ, ಗಾಜು ಪರೀಕ್ಷೆಯ, ಲೋಹ ಕರಗಿಸಿದ ಗುರುತುಗಳು ಹೇರಳವಾಗಿ ಸಿಕ್ಕಿವೆ. ಈ ಜನ ದುಡಿದಿದ್ದಾರೆ. ಅವರ ದುಡಿಮೆಯನ್ನು ಹೊಲದ ಬದಲು ಲಾಭದ ಹುಡುಕಾಟಕ್ಕೆ ಹಚ್ಚಿದ್ದು ಕಂಪನಿ.

ಇನ್ನೊಂದು ಕಾರಣ ಯಾರ ಕೈಯಲ್ಲೂ ಇರಲಿಲ್ಲ. ಈ ಪ್ರದೇಶದ ಜೌಗುಗಳಲ್ಲಿ ಸೈಪ್ರೆಸ್ ಮರಗಳು ನೂರಾರು ವರ್ಷ ಬದುಕುತ್ತವೆ. ಅವುಗಳ ಕಾಂಡದ ಉಂಗುರಗಳನ್ನು ಅಳೆದು ಡೇವಿಡ್ ಸ್ಟೇಲ್ ಮತ್ತು ಸಂಗಡಿಗರು 1998ರಲ್ಲಿ ಹಳೆಯ ಮಳೆಯ ಲೆಕ್ಕ ತೆಗೆದರು. 1606ರಿಂದ 1612ರ ವರೆಗಿನ ಏಳು ವರ್ಷ ಅಲ್ಲಿ 770 ವರ್ಷಗಳಲ್ಲೇ ಕಂಡರಿಯದ ಬರ. ಉಂಗುರಗಳು ಕೂದಲೆಳೆಯಷ್ಟು ಸಣ್ಣಗಾಗಿವೆ. ಮಳೆಯಿಲ್ಲದೆ ಹೊಳೆ ಇನ್ನಷ್ಟು ಉಪ್ಪಾಯಿತು. ಮುಸುಕಿನ ಜೋಳ ಒಣಗಿತು.

ಒಣಗಿದ್ದು ಇಂಗ್ಲಿಷರ ಜೋಳ ಮಾತ್ರ ಎಂದುಕೊಳ್ಳಬಾರದು. ಬರ ಎಲ್ಲರಿಗೂ ಬರ. ಈ ನಾಡನ್ನು ಆಗ ಆಳುತ್ತಿದ್ದವನು ವಹುನ್ಸೆನಕಾ. ಇಂಗ್ಲಿಷರು ಅವನನ್ನು ಪೌಹಾಟನ್ ಎಂದರು. ಸುಮಾರು 30 ಬುಡಕಟ್ಟುಗಳು, 14,000ದಷ್ಟು ಜನ ಅವನ ಅಧೀನದಲ್ಲಿದ್ದರು. 1607ರ ಕೊನೆಗೆ ಕೋಟೆಯೊಳಗೆ ಏಳಲಾರದೆ ಬಿದ್ದವರ ಬಳಿಗೆ ರೊಟ್ಟಿ, ಜೋಳ, ಮೀನು, ಮಾಂಸ ತಂದುಕೊಟ್ಟವರು ಈ ಜನರೇ. ಅವರು ತರದಿದ್ದರೆ ಎಲ್ಲರೂ ಸಾಯುತ್ತಿದ್ದೆವು ಎಂಬ ಅರ್ಥದ ಮಾತನ್ನು ಪರ್ಸಿಯೇ ಬರೆದಿದ್ದಾನೆ. ತಾಮ್ರದ ತಗಡು, ಮಣಿ, ಕೊಡಲಿಗೆ ಬದಲಾಗಿ ಜೋಳ ಕೊಡುವ ವ್ಯಾಪಾರ ಸ್ವಲ್ಪ ಕಾಲ ನಡೆಯಿತು. ಬರ ಮುಂದುವರಿದು ಅವರ ಕಣಜಗಳೂ ಬರಿದಾಗುತ್ತ ಬಂದಾಗ ಇಂಗ್ಲಿಷರು ಸ್ಮಿತ್‌ನ ಮುಂದಾಳತ್ವದಲ್ಲಿ ಬಂದೂಕು ತೋರಿಸಿ ಕೇಳತೊಡಗಿದರು. ತನ್ನ ಮಕ್ಕಳಿಗೇ ಇಲ್ಲದ ಕಾಳನ್ನು ಬಾಗಿಲಿಗೆ ಬಂದವನು ಕತ್ತಿ ಹಿರಿದು ಕೇಳಿದರೆ ಯಾವ ಊರಿನವನು ಸುಮ್ಮನಿರುತ್ತಾನೆ? ಜಾನ್ ಸ್ಮಿತ್‌ನ ಪ್ರತಿಮೆಯ ಮುಂದೆ ನಿಲ್ಲುವವರು ಇದನ್ನೂ ನೆನೆಯಬೇಕು. ಕೋಟೆಯ ಕಣಜದಲ್ಲಿ ಉಳಿದಿದ್ದ ಜೋಳವನ್ನು 1609ರ ವಸಂತದಲ್ಲಿ ಹಡಗಿನಿಂದ ಇಳಿದ ಇಲಿಗಳು ತಿಂದವು.

ಪ್ರತಿಮೆಯಿಂದ ಕೆಲವೇ ಹೆಜ್ಜೆ ದೂರದಲ್ಲಿ ಈ ದ್ವೀಪದ ಅತ್ಯಂತ ಕಠೋರ ಜಾಗವಿದೆ. ಅಡುಗೆ ಕೋಣೆಯ ನೆಲಮಾಳಿಗೆ ಇದ್ದ ಜಾಗ ಅದು. ರೊಟ್ಟಿ ಸುಡುವ ಒಲೆಗಳಿದ್ದವು, ಪಕ್ಕದಲ್ಲಿ ಬಾವಿ. ಆದದ್ದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. 1609ರ ಬೇಸಗೆಯಲ್ಲಿ ಕಂಪನಿ 9 ಹಡಗುಗಳಲ್ಲಿ ನೂರಾರು ಜನರನ್ನು ಕಳುಹಿಸಿತು. ಈ ಸಲ ಹೆಂಗಸರು ಮಕ್ಕಳೂ ಇದ್ದರು. ನಡುಗಡಲಲ್ಲಿ ಚಂಡಮಾರುತ ಎದ್ದು, ಹೊಸ ಅಧಿಕಾರಿಗಳಿದ್ದ ಸೀ ವೆಂಚರ್ ಹಡಗು ಬರ್ಮುಡಾದ ಬಂಡೆಗಳಿಗೆ ಬಡಿಯಿತು. ಉಳಿದ ಹಡಗುಗಳು ಕೆಟ್ಟುಹೋದ ಆಹಾರ ಮತ್ತು ಹಸಿದ ಜನರನ್ನು ಹೊತ್ತು ಇಲ್ಲಿಗೆ ಬಂದವು. ಅಕ್ಟೋಬರಿನಲ್ಲಿ ಸ್ಮಿತ್ ಮದ್ದಿನ ಚೀಲ ಸಿಡಿದು ಸುಟ್ಟ ಗಾಯಗಳೊಂದಿಗೆ ಇಂಗ್ಲೆಂಡಿಗೆ ಮರಳಿದ. ಪರ್ಸಿ ಅಧ್ಯಕ್ಷನಾದ. ಪೌಹಾಟನ್ ಜನ ಕೋಟೆಗೆ ಮುತ್ತಿಗೆ ಹಾಕಿದರು. ಬೇಟೆಗೆ, ಮೀನಿಗೆ, ಸೌದೆಗೆ ಹೊರಗೆ ಕಾಲಿಟ್ಟವರು ಸತ್ತರು. ಒಳಗೇ ಉಳಿದವರೂ ಸತ್ತರು.

ಮೊದಲು ಕುದುರೆಗಳನ್ನು ತಿಂದರು. ಆಮೇಲೆ ನಾಯಿ, ಬೆಕ್ಕು, ಇಲಿ, ಹಾವು. ಬಳಿಕ ಬೂಟಿನ ಚರ್ಮ ಬೇಯಿಸಿದರು. ಮನೆಗಳ ಮರ ಕಿತ್ತು ಒಲೆಗಿಟ್ಟರು. ಆಮೇಲೆ ಹೂತ ಹೆಣಗಳನ್ನು ತೆಗೆದರು ಎಂದು ಪರ್ಸಿ ಬರೆದಿದ್ದಾನೆ. ಒಬ್ಬ ತನ್ನ ಬಸುರಿ ಹೆಂಡತಿಯನ್ನು ಕೊಂದು ಉಪ್ಪು ಹಾಕಿಟ್ಟಿದ್ದನೆಂದೂ ಅವನಿಗೆ ಮರಣದಂಡನೆಯಾಯಿತೆಂದೂ ಬರೆದಿದ್ದಾನೆ. ನಾನೂರು ವರ್ಷ ಇತಿಹಾಸಕಾರರು ಈ ಮಾತನ್ನು ಅನುಮಾನದಿಂದ ನೋಡಿದರು. ಕಂಪನಿಗೆ ಕೆಟ್ಟ ಹೆಸರು ತರಲು ಹಬ್ಬಿಸಿದ ಸುದ್ದಿ ಎಂದವರೂ ಇದ್ದರು. 2012ರಲ್ಲಿ ಈ ನೆಲಮಾಳಿಗೆಯ ಕಸದಲ್ಲಿ, ಕಡಿದ ಕುದುರೆ ಮತ್ತು ನಾಯಿಯ ಮೂಳೆಗಳ ನಡುವೆ, ಮನುಷ್ಯನ ತಲೆಬುರುಡೆಯೊಂದರ ಭಾಗಗಳೂ ಕಾಲಿನ ಮೂಳೆಯೂ ಸಿಕ್ಕವು. ಸ್ಮಿತ್‌ಸೋನಿಯನ್ ಸಂಸ್ಥೆಯ ಮಾನವಶಾಸ್ತ್ರಜ್ಞ ಡಗ್ಲಸ್ ಔಸ್ಲಿ ಪರೀಕ್ಷಿಸಿ ಹೇಳಿದ್ದು: ಇಂಗ್ಲೆಂಡಿನಿಂದ ಬಂದ ಸುಮಾರು 14ರ ಹುಡುಗಿ. ಹಣೆಯ ಮೇಲೆ ಅಳುಕಿನ ಕೈಯಿಂದ ಬಿದ್ದ ಕೆಲವು ಕೊಡಲಿ ಏಟು, ತಲೆಯ ಹಿಂದೆ ಇನ್ನೂ ಜೋರಾದ ಏಟು, ದವಡೆಯ ಮೇಲೆ ಚಾಕುವಿನ ಗೀರು. ಏಟು ಬೀಳುವಾಗ ಅವಳಾಗಲೇ ಸತ್ತಿದ್ದಳು. 2013ರ ಮೇ 1ರಂದು ಇದನ್ನು ಪ್ರಕಟಿಸಿದಾಗ ಸಂಶೋಧಕರು ಅವಳನ್ನು ಜೇನ್ ಎಂದು ಕರೆದರು. ನಿಜವಾದ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಹತ್ತಿರದಲ್ಲೇ ಇರುವ ಆರ್ಕಿಯೇರಿಯಂ ಎಂಬ ಸಂಗ್ರಹಾಲಯದಲ್ಲಿ ಜೇನಳ ಬುರುಡೆಯನ್ನೂ ಅದರ ಆಧಾರದಿಂದ ಮತ್ತೆ ರೂಪಿಸಿದ ಮುಖವನ್ನೂ ಇಟ್ಟಿದ್ದಾರೆ. ತಲೆಗೆ ಬಿಳಿಯ ಬಟ್ಟೆ ಕಟ್ಟಿದ, ಇನ್ನೂ ಎಳೆತನ ಮಾಸದ ಮುಖ. ಅದೇ ಸಂಗ್ರಹಾಲಯದಲ್ಲಿ ಕವಚಗಳು, ಕತ್ತಿಗಳು, ಶಸ್ತ್ರವೈದ್ಯನ ಸಲಕರಣೆಗಳು, ತಲೆಬುರುಡೆಗೆ ತೂತು ಕೊರೆಯಲು ಯತ್ನಿಸಿದ ಗುರುತಿರುವ ಮೂಳೆ, ಎಲ್ಲವೂ ಇವೆ, ನೋಡಲೇಬೇಕಾದವು. ಆದರೂ ಜೇನಳ ಮುಂದೆ ನಿಂತವರು ಬೇರೆ ಕಡೆಗೆ ಬೇಗ ಹೋಗಲಾರರು. ಅವಳನ್ನು ಮಾನವಭಕ್ಷಣೆಯ ಸಾಕ್ಷ್ಯವೆಂದು ತೋರಿಸುವ ಫಲಕಗಳಿಗಿಂತ, ಮನೆಗೆಲಸಕ್ಕೋ ಯಾರದೋ ಮಗಳಾಗಿಯೋ ಸಮುದ್ರ ದಾಟಿ ಬಂದು ಕೆಲವೇ ತಿಂಗಳಲ್ಲಿ ಆ ಹಸಿವಿನ ಚಳಿಗಾಲದಲ್ಲಿ ಸತ್ತ ಮಗು ಎಂದು ನೋಡುವುದು ನ್ಯಾಯ.

ಸ್ಮಿತ್ ಹೊರಟಾಗ ಇಡೀ ವಸಾಹತಿನಲ್ಲಿ 500ರಷ್ಟು ಜನ ಇದ್ದರೆಂಬ ಲೆಕ್ಕವಿದೆ. 1610ರ ಮೇ ತಿಂಗಳಲ್ಲಿ ಜೇಮ್ಸ್‌ಟೌನಿನಲ್ಲಿ ಜೀವಂತ ಸಿಕ್ಕವರು ಸುಮಾರು 60. ಇದರ ಜೊತೆಗೇ ಓದಬೇಕಾದ ಇನ್ನೊಂದು ಸಂಗತಿಯಿದೆ. ನದಿ ಕೊಲ್ಲಿಯನ್ನು ಸೇರುವ ಪಾಯಿಂಟ್ ಕಂಫರ್ಟ್ ಎಂಬಲ್ಲಿ ಒಂದು ಸಣ್ಣ ಕಾವಲು ಕೋಟೆಯಿತ್ತು. ವಸಂತ ಬಂದ ಮೇಲೆ ಪರ್ಸಿ ಅಲ್ಲಿಗೆ ಹೋಗಿ ನೋಡಿದರೆ ಅಲ್ಲಿನವರು ಚೆನ್ನಾಗಿ ತಿಂದುಂಡು ಇದ್ದರು; ಏಡಿಗಳು ಎಷ್ಟು ಸಿಗುತ್ತಿದ್ದವೆಂದರೆ ಹಂದಿಗಳಿಗೂ ಹಾಕುತ್ತಿದ್ದರು. ಮೇಲಿನ ಕೋಟೆಯವರ ಅವಸ್ಥೆಯನ್ನು ಅವರು ವಿಚಾರಿಸಿರಲಿಲ್ಲ, ಚಳಿಗಾಲವಿಡೀ ಪರ್ಸಿಯೂ ಇವರನ್ನು ನೋಡಲು ಬಂದಿರಲಿಲ್ಲ. ಬರ, ಮುತ್ತಿಗೆ, ಚಂಡಮಾರುತ ಎಲ್ಲ ನಿಜ. ಅದೇ ನದಿಯ ಕೆಳಗೆ ಊಟ ಇತ್ತು ಎಂಬುದೂ ನಿಜ. ಜೇನಳ ಸಾವಿನಲ್ಲಿ ಆಡಳಿತದ ಪಾಲು ದೊಡ್ಡದು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಬರ್ಮುಡಾದಲ್ಲಿ ಸಿಕ್ಕಿಬಿದ್ದವರು ಅಲ್ಲಿನ ಮರದಿಂದ ಎರಡು ಹಡಗು ಕಟ್ಟಿಕೊಂಡು ಆ ಮೇ ತಿಂಗಳಲ್ಲಿ ಬಂದರು. ಕಂಡ ನೋಟಕ್ಕೆ ದಿಗಿಲಾಗಿ ವಸಾಹತನ್ನೇ ಬಿಟ್ಟುಹೋಗಲು ತೀರ್ಮಾನಿಸಿದರು. ಜೂನ್ 7ರಂದು ಎಲ್ಲರೂ ಹಡಗು ಹತ್ತಿ ಹೊರಟೂ ಆಯಿತು. ಮರುದಿನ ನದಿಯಲ್ಲೇ, ಹೊಸ ಗವರ್ನರ್ ಲಾರ್ಡ್ ಡಿ ಲಾ ವಾರ್ ಜನ ಮತ್ತು ದವಸದೊಂದಿಗೆ ಬರುತ್ತಿರುವ ಸುದ್ದಿ ಎದುರಾಯಿತು. ತಿರುಗಿ ಬಂದರು. ಒಂದೆರಡು ದಿನ ತಡವಾಗಿದ್ದರೆ ಅಮೆರಿಕದ ಇತಿಹಾಸ ಬೇರೆಯಾಗುತ್ತಿತ್ತು ಎಂದು ಇಲ್ಲಿನ ಮಾರ್ಗದರ್ಶಿಗಳು ಹೇಳುತ್ತಾರೆ. ಪಾಸ್ಪಹೇಗ್ ಜನರ ಇತಿಹಾಸವಂತೂ ಬೇರೆಯಾಗುತ್ತಿತ್ತು. ಆ ಆಗಸ್ಟಿನಲ್ಲಿ ಪರ್ಸಿ ಸೈನಿಕರನ್ನು ಕರೆದುಕೊಂಡು ಅವರ ಊರಿನ ಮೇಲೆ ಬಿದ್ದ. ಹದಿನೈದು ಹದಿನಾರು ಜನರನ್ನು ಕೊಂದು, ಮನೆ ಸುಟ್ಟು, ಜೋಳದ ಹೊಲ ಕಡಿದು, ಅರಸನ ಹೆಂಡತಿ ಮಕ್ಕಳನ್ನು ಹಿಡಿದು ದೋಣಿಗೆ ಹಾಕಿದರು. ದಾರಿಯಲ್ಲಿ ಮಕ್ಕಳನ್ನು ನೀರಿಗೆಸೆದು ಗುಂಡಿಟ್ಟರು. ತಾಯಿಯನ್ನು ಆಮೇಲೆ ಕಾಡಿಗೆ ಒಯ್ದು ಕತ್ತಿಯಿಂದ ಕೊಂದರು. ಇದೂ ಪರ್ಸಿಯ ಬರಹದಲ್ಲೇ ಇದೆ. ಕೋಟೆಯ ಒಳಗಿನ ಸಾವುಗಳಿಗೆ ಶಿಲುಬೆಗಳಿವೆ, ಫಲಕಗಳಿವೆ. ಈ ಮಕ್ಕಳಿಗೆ ಅಷ್ಟೇ ಎದ್ದು ಕಾಣುವ ಗುರುತು ಇರಬೇಕಿತ್ತು.

ಕೋಟೆಯ ನಡುವೆ ನಿಂತ ನಾಲ್ಕೈದು ಕಂಬಗಳ ಗುರುತು 1608ರ ಇಗರ್ಜಿಯದು. 1614ರ ಏಪ್ರಿಲಿನಲ್ಲಿ ವಹುನ್ಸೆನಕಾನ ಮಗಳು ಪೋಕಹಾಂಟಸ್ ಮತ್ತು ವಸಾಹತಿನವನಾದ ಜಾನ್ ರಾಲ್ಫ್ ಮದುವೆಯಾದದ್ದು ಇಲ್ಲಿ. ಪ್ರವಾಸಿಗಳು ಫೋಟೊ ತೆಗೆಸಿಕೊಳ್ಳುವುದೂ ಇಲ್ಲೇ. ಆ ಮದುವೆಯ ಕಾಲದ ಆಡಳಿತಗಾರ ಸರ್ ಥಾಮಸ್ ಡೇಲ್. ಅವನ ಕಾಲದ ಕಾನೂನುಗಳನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಹಸಿವು ತಾಳದೆ ಸ್ಥಳೀಯರ ಊರಿಗೆ ಓಡಿಹೋದವರನ್ನು ಹಿಡಿದು ತಂದು ಗಲ್ಲಿಗೇರಿಸಿದರು, ಸುಟ್ಟರು, ಚಕ್ರಕ್ಕೆ ಕಟ್ಟಿ ಮೂಳೆ ಮುರಿದರು. ಉಗ್ರಾಣದಿಂದ ಆಹಾರ ಕದ್ದವರನ್ನು ಮರಕ್ಕೆ ಬಿಗಿದು ಉಪವಾಸ ಕೆಡವಿ ಸಾಯಿಸಿದರು.

ಡೇಲ್‌ನ ಹೆಸರು ಭಾರತೀಯರಿಗೆ ಬೇರೊಂದು ಕಾರಣಕ್ಕೂ ಮುಖ್ಯ. ಇಲ್ಲಿಂದ ಹೋದ ಮೇಲೆ ಅವನು ಈಸ್ಟ್ ಇಂಡಿಯಾ ಕಂಪನಿಯ ನೌಕಾಪಡೆಯ ನಾಯಕನಾಗಿ ಪೂರ್ವಕ್ಕೆ ಬಂದ. 1619ರಲ್ಲಿ ಮಚಲಿಪಟ್ಟಣದಲ್ಲಿ ಸತ್ತ. ಮೊದಲ ಮೂರು ಹಡಗುಗಳನ್ನು ಜೇಮ್ಸ್‌ಟೌನಿಗೆ ತಂದ ಕ್ಯಾಪ್ಟನ್ ಕ್ರಿಸ್ಟೊಫರ್ ನ್ಯೂಪೋರ್ಟ್ ಕೂಡ ಮುಂದೆ ಈಸ್ಟ್ ಇಂಡಿಯಾ ಕಂಪನಿ ಸೇರಿದ. ಜಹಾಂಗೀರನ ಆಸ್ಥಾನಕ್ಕೆ ಹೊರಟ ರಾಯಭಾರಿ ಸರ್ ಥಾಮಸ್ ರೋ 1615ರಲ್ಲಿ ಸೂರತ್ತಿಗೆ ಬಂದದ್ದು ನ್ಯೂಪೋರ್ಟ್ ನಡೆಸಿದ ಹಡಗಿನಲ್ಲಿ. ಎರಡೂ ಕಂಪನಿಗಳ ಚುಕ್ಕಾಣಿ ಹಿಡಿದವನು ಒಬ್ಬನೇ: ಲಂಡನ್ನಿನ ವರ್ತಕ ಸರ್ ಥಾಮಸ್ ಸ್ಮೈತ್. ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಅವನೇ, ವರ್ಜೀನಿಯಾ ಕಂಪನಿಯ ಖಜಾಂಚಿ ಎಂಬ ಹೆಸರಿನ ಮುಖ್ಯಸ್ಥನೂ ಅವನೇ. ಅವನು ಈ ನೆಲವನ್ನು ಒಮ್ಮೆಯೂ ಮೆಟ್ಟಲಿಲ್ಲ. ಶಾಲೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯನ್ನು ಓದಿದ ನಾವು ಜೇಮ್ಸ್‌ಟೌನನ್ನು ದೂರದ ಯಾರದೋ ಊರೆಂದು ನೋಡಬೇಕಾಗಿಲ್ಲ. ದೂರ ಕುಳಿತು ಲಾಭದ ಲೆಕ್ಕ ಬರೆದ ಕೈ ಎರಡೂ ಕಡೆ ಒಂದೇ.

ಕೋಟೆಯಿಂದ ಪೂರ್ವಕ್ಕೆ ನದಿಯ ಗುಂಟ ನಡೆದರೆ ಹೊಸ ಊರಿನ ಅಡಿಪಾಯಗಳು ಹುಲ್ಲಿನ ನಡುವೆ ಚೆಲ್ಲಿಕೊಂಡಿವೆ. ಇಲ್ಲಿಗೆ ಬರುವ ಹೊತ್ತಿಗೆ ಕಂಪನಿಗೆ ಬಂಗಾರ ಸಿಕ್ಕಿತ್ತು; ಅದು ಹೊಗೆಸೊಪ್ಪು. ರಾಲ್ಫ್ 1612ರ ಸುಮಾರಿಗೆ ಬೆಳೆಸಿದ ಹೊಸ ತಳಿ ಲಂಡನ್ನಿನಲ್ಲಿ ಬೆಲೆ ತಂದಿತು. ಕಷ್ಟ ಅದರಿಂದ ಕಡಿಮೆಯಾಗಲಿಲ್ಲ, ಬೇರೆಯವರ ಹೆಗಲಿಗೆ ದಾಟಿತು. ದಾರಿಖರ್ಚಿಗೆ ಬದಲಾಗಿ ವರ್ಷಗಟ್ಟಲೆ ದುಡಿಯುವ ಕರಾರು ಬರೆದುಕೊಟ್ಟು ಬಡವರ ಮಕ್ಕಳು ಹಡಗು ಹತ್ತಿದರು. ಅವರಲ್ಲಿ ಒಬ್ಬ ರಿಚರ್ಡ್ ಫ್ರೆಥಾರ್ನ್. ಇಲ್ಲಿಂದ ಕೆಲವು ಮೈಲಿ ಕೆಳಗಿನ ಮಾರ್ಟಿನ್ಸ್ ಹಂಡ್ರೆಡ್ ಎಂಬ ತೋಟದಲ್ಲಿ ಆಳಾಗಿದ್ದ. 1622ರ ಮಾರ್ಚಿನಲ್ಲಿ ಪೌಹಾಟನ್ ಜನ ವಸಾಹತಿನ ಮೇಲೆ ಬಿದ್ದು 347 ಮಂದಿಯನ್ನು ಕೊಂದ ಮರುವರ್ಷ ಅವನು ಅಪ್ಪ ಅಮ್ಮನಿಗೆ ಕಾಗದ ಬರೆದ. ತಿನ್ನಲು ಬಟಾಣಿಯ ತೆಳು ಗಂಜಿ, ಒಂದು ಚೂರು ರೊಟ್ಟಿ, ಹೊದೆಯಲು ಚಿಂದಿ, ಹೇಗಾದರೂ ಹಣ ಹೊಂದಿಸಿ ನನ್ನನ್ನು ಬಿಡಿಸಿಕೊಳ್ಳಿ, ಆಗದಿದ್ದರೆ ತಿನ್ನಲು ಏನಾದರೂ ಕಳುಹಿಸಿ ಎಂದು ಅಂಗಲಾಚಿದ. ಆ ಕಾಗದ ಉಳಿದಿದೆ, ಅವನು ಉಳಿಯಲಿಲ್ಲ.

ಹೆಂಗಸರ ಪಾಡು ಪ್ರತ್ಯೇಕವಾಗಿಯೇ ಹೇಳಬೇಕಾದದ್ದು. 1621ರಲ್ಲಿ ಕಂಪನಿ 57 ಯುವತಿಯರನ್ನು ಮದುವೆಗೆಂದು ಕಳುಹಿಸಿತು. ಕೈಹಿಡಿದವನು ಕಂಪನಿಗೆ 150 ಪೌಂಡ್ ಹೊಗೆಸೊಪ್ಪು ತೆರಬೇಕಿತ್ತು. ಇನ್ನು 1619ರ ಆಗಸ್ಟಿನಲ್ಲಿ, ಕದನದಲ್ಲಿ ಕಸಿದುಕೊಂಡ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಒಂದು ಹಡಗು ಪಾಯಿಂಟ್ ಕಂಫರ್ಟಿಗೆ ತಂದಿಳಿಸಿ ಆಹಾರಕ್ಕೆ ಬದಲಾಗಿ ಮಾರಿತು. ಅದರ ಹಿಂದೆಯೇ ಬಂದ ಇನ್ನೊಂದು ಹಡಗಿನಲ್ಲಿ ಇದ್ದವಳು ಏಂಜೆಲಾ. 1625ರ ಜನಗಣತಿಯಲ್ಲಿ ಜೇಮ್ಸ್‌ಟೌನಿನ ವಿಲಿಯಂ ಪಿಯರ್ಸ್ ಎಂಬವನ ಮನೆಯಲ್ಲಿ ಅವಳ ಹೆಸರಿದೆ. ಆ ಮನೆ ಇದ್ದ ಜಾಗವನ್ನು 2017ರಿಂದ ಅಗೆದು ನೋಡಿದ್ದಾರೆ. ಫಲಕದಲ್ಲಿ ಮನೆಯ ಯಜಮಾನನಿಗಿಂತ ಅವಳ ಹೆಸರೇ ದೊಡ್ಡದು. ಇಲ್ಲಿಯ ವ್ಯವಸ್ಥಾಪಕರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು. 1635ರ ಒಂದು ಜಮೀನು ದಾಖಲೆಯಲ್ಲಿ ಟೋನಿ ಎಂಬ ಈಸ್ಟ್ ಇಂಡಿಯನ್ ಆಳಿನ ಹೆಸರೂ ಬರುತ್ತದೆ. ನಮ್ಮ ಕಡೆಯ ಯಾವ ಬಂದರಿನಿಂದ, ಯಾರ ಮನೆಯಿಂದ ಅವನನ್ನು ಎಳೆದು ತಂದರೋ ದಾಖಲೆ ಹೇಳುವುದಿಲ್ಲ.

ದ್ವೀಪದಿಂದ ಹೊರಬರುವ ದಾರಿಯಲ್ಲಿ ಗಾಜಿನ ಕುಲುಮೆ ಇದೆ. 1608ರಲ್ಲಿ ಬಂದ ಕುಶಲಕರ್ಮಿಗಳ ಹಳೆಯ ಒಲೆಗಳ ಅವಶೇಷ, ಪಕ್ಕದಲ್ಲಿ ಈಗಲೂ ಗಾಜು ಊದಿ ತೋರಿಸುವ ಶೆಡ್ಡು. ಇನ್ನೂ ಸ್ವಲ್ಪ ಮುಂದೆ ಜೇಮ್ಸ್‌ಟೌನ್ ಸೆಟ್ಲ್‌ಮೆಂಟ್ ಎಂಬ ಬೇರೆಯೇ ಸಂಗ್ರಹಾಲಯ. ಮೂರು ಹಡಗುಗಳ ಪ್ರತಿಕೃತಿಗಳು ಅಲ್ಲಿ ಹೊಳೆಯಲ್ಲಿ ನಿಂತಿವೆ. ಡಿಸ್ಕವರಿಯ ಒಳಗೆ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಸಾಕು, ತಿಂಗಳುಗಟ್ಟಲೆ ಅಲ್ಲಿ ಮಲಗೆದ್ದವರ ಇಕ್ಕಟ್ಟು ತಿಳಿಯುತ್ತದೆ. ಸಮಯ ಕಡಿಮೆಯಿದ್ದರೆ ಪ್ರತಿಕೃತಿಗಳನ್ನು ಬಿಡಿ, ಮೂಲ ಜಾಗಕ್ಕೇ ಹೋಗಿ. ಎರಡರ ಹೆಸರು ಒಂದೇ ಥರ ಇರುವುದರಿಂದ ಟಿಕೆಟ್ ಕೊಳ್ಳುವಾಗ ಎಚ್ಚರ ಬೇಕು.

ವಾಷಿಂಗ್ಟನ್ ಕಡೆಯಿಂದ ಬರುವವರಿಗೆ ಕಾರಿನಲ್ಲಿ ಮೂರು ಗಂಟೆಯ ಆಸುಪಾಸಿನ ದಾರಿ. ವಿಲಿಯಮ್ಸ್‌ಬರ್ಗ್‌ನಿಂದ ಕಾಡಿನ ನಡುವೆ ಸಾಗುವ ಕಲೋನಿಯಲ್ ಪಾರ್ಕ್‌ವೇ ನೇರ ಇಲ್ಲಿಗೆ ತರುತ್ತದೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಹಿರಿಯರನ್ನು ಶ್ವೇತಭವನ, ನಯಾಗರಾ ತೋರಿಸಿ ಕಳುಹಿಸುವ ರೂಢಿಯಿದೆ. ಒಂದು ದಿನ ಇಲ್ಲಿಗೂ ಕರೆತನ್ನಿ. ವಸಂತ ಅಥವಾ ಅಕ್ಟೋಬರ್ ಒಳ್ಳೆಯದು. ಆಗಸ್ಟಿನ ಸೆಕೆಯಲ್ಲಿ ಬಂದರೆ ಪರ್ಸಿಯ ಸಾವಿನ ಪಟ್ಟಿ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಬಹಳ ಮುಂದಕ್ಕೆ ಹಾಕಬೇಡಿ. 1901ರ ಹೊತ್ತಿಗೆ ಕಟ್ಟಿದ ತಡೆಗೋಡೆ ಈಗ ನದಿಯನ್ನು ತಡೆಯಲು ಸಾಲುತ್ತಿಲ್ಲ, ಹಿಂದಿನಿಂದ ಜೌಗಿನ ನೀರೂ ಏರಿ ಬರುತ್ತಿದೆ, ಜೋರು ಮಳೆಯಾದರೆ ಅಗೆತದ ಗುಂಡಿಗಳು ತುಂಬಿಕೊಳ್ಳುತ್ತವೆ. 2022ರಲ್ಲಿ ಅಮೆರಿಕದ ನ್ಯಾಷನಲ್ ಟ್ರಸ್ಟ್ ತನ್ನ ಅತ್ಯಂತ ಅಪಾಯದಲ್ಲಿರುವ 11 ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಜೇಮ್ಸ್‌ಟೌನನ್ನು ಸೇರಿಸಿದೆ.